ತಪ್ಪು ಖಾತೆಗೆ ಹೋದ ಎಲೆಕ್ಟ್ರಾನ್

ತಾಳೆ ಪಟ್ಟಿಯ ಎರಡೂ ಬದಿ ಸರಿಹೊಂದಿದ ಮಾತ್ರಕ್ಕೆ ಲೆಕ್ಕ ಸರಿ ಎಂದಲ್ಲ. ರಹೀಮನ ಖಾತೆಗೆ ಹೋಗಬೇಕಾದ ಜಮೆ ಬಸವರಾಜನ ಖಾತೆಗೆ ಹೋಗಿದ್ದರೆ ತಾಳೆ ಪಟ್ಟಿ ಅದನ್ನು ತೋರಿಸುವುದಿಲ್ಲ. ಭೌತವಿಜ್ಞಾನದ ಒಂದು ದೊಡ್ಡ ಸುದ್ದಿಯ ಹಿಂದೆಯೂ ಇಂಥದೇ ತಪ್ಪಿತ್ತು ಎಂದು ಓದಿದಾಗ, ಕಾಮರ್ಸ್ ವಿದ್ಯಾರ್ಥಿನಿಯಾದ ನನಗೂ ಅದು ಅರ್ಥವಾಯಿತು.

ಎಲೆಕ್ಟ್ರಾನ್ ನಮಗೆಲ್ಲ ಗೊತ್ತು. ಅದಕ್ಕೆ ಇಬ್ಬರು ಅಣ್ಣಂದಿರು: ಸುಮಾರು 207 ಪಟ್ಟು ಭಾರದ ಮ್ಯುಯಾನ್, ಸುಮಾರು 3,500 ಪಟ್ಟು ಭಾರದ ಟೌ. ಈ ಮೂರೂ ಲೆಪ್ಟಾನ್ ಎಂಬ ಗುಂಪಿನವು. ತೂಕ ಬೇರೆಯಾದರೂ ವಿದ್ಯುತ್ಕಾಂತೀಯ ಬಲ ಮತ್ತು ದುರ್ಬಲ ಬಲ ಮೂವರನ್ನೂ ಒಂದೇ ಸಮನಾಗಿ ಕಾಣುತ್ತವೆ. ಈ ನಿಯಮಕ್ಕೆ ಲೆಪ್ಟಾನ್ ಸಾರ್ವತ್ರಿಕತೆ ಎಂದು ಹೆಸರು.

ಮ್ಯುಯಾನ್ ನಮ್ಮ ರಾಜ್ಯಕ್ಕೆ ಹೊಸದಲ್ಲ. 1950ರ ದಶಕದಲ್ಲಿ ಬಿ.ವಿ. ಶ್ರೀಕಂಠನ್ ಅವರು ಕೋಲಾರದ ಚಿನ್ನದ ಗಣಿಗೆ ಇಳಿದು, ಬೇರೆ ಬೇರೆ ಆಳದಲ್ಲಿ ಮ್ಯುಯಾನ್‌ಗಳನ್ನು ಎಣಿಸಿದರು. 1965ರಲ್ಲಿ ಅಲ್ಲೇ, ಎರಡು ಕಿಲೋಮೀಟರ್‌ಗೂ ಹೆಚ್ಚು ಆಳದಲ್ಲಿ, ವಾತಾವರಣದಲ್ಲಿ ಹುಟ್ಟಿದ ನ್ಯೂಟ್ರಿನೋಗಳ ಗುರುತು ಸಿಕ್ಕಿತು. ಆ ಗುರುತೂ ಮ್ಯುಯಾನೇ.

ಸಾರ್ವತ್ರಿಕತೆಯ ಪರೀಕ್ಷೆ ನಡೆದದ್ದು ಜಿನೀವಾ ಬಳಿಯ ಸರ್ನ್‌ನಲ್ಲಿ, ಎಲ್‌ಎಚ್‌ಸಿಬಿ ಪ್ರಯೋಗದಲ್ಲಿ. ಬಿ ಮೆಸಾನ್ ಎಂಬ ಕಣ ಒಡೆದು ಕೆ ಮೆಸಾನ್ ಆಗುವಾಗ, ಬಹಳ ಅಪರೂಪಕ್ಕೆ, ಸುಮಾರು ಇಪ್ಪತ್ತು ಲಕ್ಷಕ್ಕೊಮ್ಮೆ, ಜೊತೆಗೆ ಎರಡು ಮ್ಯುಯಾನ್ ಬರುತ್ತವೆ. ಎರಡು ಎಲೆಕ್ಟ್ರಾನ್ ಬರುವುದೂ ಅಷ್ಟೇ ಅಪರೂಪವಾಗಿರಬೇಕು. ಅಂದರೆ ಮೊದಲನೆಯದನ್ನು ಎರಡನೆಯದರಿಂದ ಭಾಗಿಸಿದರೆ ಉತ್ತರ ಸುಮಾರು 1.

2021ರ ಮಾರ್ಚ್‌ನಲ್ಲಿ ಬಂದ ಉತ್ತರ 0.85. ಇದು ಬರೀ ಆಕಸ್ಮಿಕವಾಗಿ ಬರುವ ಸಾಧ್ಯತೆ ಸುಮಾರು ಸಾವಿರಕ್ಕೆ ಒಂದು. ಹೊಸ ಬಲವೇ ಸಿಕ್ಕಿತೇನೋ ಎಂದು ಜಗತ್ತಿನ ಪತ್ರಿಕೆಗಳು ಬರೆದವು. ಆದರೆ ಹೊಸ ಶೋಧ ಎನ್ನಲು ಆ ಸಾಧ್ಯತೆ ಸುಮಾರು 35 ಲಕ್ಷಕ್ಕೆ ಒಂದಕ್ಕೆ ಇಳಿಯಬೇಕು.

ಅದೇ ತಂಡ ಮತ್ತೆ ಲೆಕ್ಕಕ್ಕೆ ಕುಳಿತಿತು. ಎಲೆಕ್ಟ್ರಾನ್‌ನಂತೆ ಕಾಣುವ ಬೇರೆ ಕಣಗಳು ಎಲೆಕ್ಟ್ರಾನ್ ಖಾತೆಗೆ ಸೇರಿಹೋಗಿದ್ದವು. ಭಾಜಕ ಹಿಗ್ಗಿತ್ತು, ಉತ್ತರ ಕುಗ್ಗಿತ್ತು. ಅವನ್ನು ತೆಗೆದ ಮೇಲೆ, 2022ರ ಡಿಸೆಂಬರ್‌ನಲ್ಲಿ ಬಂದ ಉತ್ತರ 0.95, ಆಚೀಚೆ ಸುಮಾರು 0.05. ಅಂದರೆ ನಿಯಮ ಉಳಿಯಿತು.

ಟೌ ಸೇರಿದ ಇನ್ನೊಂದು ಅನುಪಾತ ಮಾತ್ರ ಸಿದ್ಧಾಂತಕ್ಕಿಂತ ಸ್ವಲ್ಪ ಹೆಚ್ಚೇ ಬರುತ್ತಿದೆ. ಆ ಪರೀಕ್ಷೆ ಮುಗಿದಿಲ್ಲ.

ನಮ್ಮ ಅಬ್ಬಾ ರಾತ್ರಿ ಅಂಗಡಿ ಮುಚ್ಚುವ ಮುಂಚೆ ಕಿರ್ದಿಯನ್ನು ಎರಡನೇ ಸಲ ನೋಡುತ್ತಾರೆ. ಲಾಭ ಹೆಚ್ಚು ಕಂಡ ದಿನ ಮೂರನೇ ಸಲವೂ ನೋಡುತ್ತಾರೆ. ಯಾಕೆ ಎಂದು ನಾನು ಈಗ ಕೇಳುವುದಿಲ್ಲ.