ಪಾಗಾರದ ದುರಸ್ತಿಯೂ ಪ್ರಾಚೀನ ಸ್ಮಾರಕಗಳ ಕಾಯಿದೆಯೂ

ಸಂಸ್ಕೃತದ ಪ್ರಾಕಾರ ಶಬ್ದದ ತದ್ಭವವಾದ ‘ಪಾಗಾರ’ವೆಂಬ ಮಾತು ಧಾರವಾಡ ಸೀಮೆಯಲ್ಲಿ ಇಂದಿಗೂ ಬಳಕೆಯಲ್ಲುಂಟು. ಗುಡಿಯನ್ನು ಬಳಸಿದ ಗೋಡೆಗೂ ಹಿತ್ತಿಲನ್ನು ಬಳಸಿದ ಗೋಡೆಗೂ ಜನರು ಈ ಒಂದೇ ಹೆಸರನ್ನು ಹೇಳುವರು. ಆದರೆ ಸಂರಕ್ಷಿತ ದೇವಾಲಯದ ಬಳಿಯಲ್ಲಿ ಇಂತಹ ಗೋಡೆಯೊಂದನ್ನು ಮಾರ್ಪಡಿಸಬೇಕಾದಾಗ ಅದು ಯಾವ ಗೋಡೆ, ಎಲ್ಲಿರುವುದು, ಅದಕ್ಕೆ ಮಾಡಬೇಕೆಂದಿರುವ ಕೆಲಸವೇನು ಎಂಬ ಮೂರು ಪ್ರಶ್ನೆಗಳು ಏಳುವುವು.

ಕಲಘಟಗಿ ತಾಲೂಕಿನ ತಂಬೂರಿನಂತಹ ಹಳೆಯ ಊರಿರಲಿ, ಅಣ್ಣಿಗೇರಿ ಕುಂದಗೋಳಗಳಂತಹ ಪೇಟೆಗಳಿರಲಿ, ಗುಡಿಯು ಯಾವ ಪಟ್ಟಿಗೆ ಸೇರಿದುದೆಂಬುದನ್ನು ಮೊದಲು ಅರಿಯಬೇಕು. ಧಾರವಾಡವು ಮುಂಬಯಿ ಇಲಾಖೆಗೆ ಸೇರಿದ್ದಾಗ, 1904ರಲ್ಲಿ, ಪ್ರಾಚೀನ ಸ್ಮಾರಕಗಳ ರಕ್ಷಣೆಗೆ ಕಾಯಿದೆಯೊಂದಾಯಿತು. ಸ್ವಾತಂತ್ರ್ಯಾನಂತರ 1958ರ ಅಧಿನಿಯಮವು ರಾಷ್ಟ್ರೀಯ ಮಹತ್ತ್ವದ ಸ್ಮಾರಕಗಳನ್ನು ಕೇಂದ್ರ ಸರಕಾರಕ್ಕೆ ಒಪ್ಪಿಸಿತು. ಉಳಿದವುಗಳಲ್ಲಿ ಆಯ್ದವಕ್ಕೆ ರಾಜ್ಯದ 1961ರ ಅಧಿನಿಯಮವು ಆಶ್ರಯವಾಯಿತು. ಅಣ್ಣಿಗೇರಿಯ ಅಮೃತೇಶ್ವರ, ಕುಂದಗೋಳದ ಶಂಭುಲಿಂಗ ದೇವಾಲಯಗಳು ಕೇಂದ್ರದ ರಕ್ಷಣೆಯಲ್ಲಿರುವುವು. ಎರಡು ಪಟ್ಟಿಗಳಲ್ಲಿಯೂ ಇಲ್ಲದ ಗುಡಿಗಳು ಎಷ್ಟು ಹಳೆಯವಾದರೂ ಈ ಕಾಯಿದೆಗಳ ಸಂರಕ್ಷಿತ ಸ್ಮಾರಕಗಳಲ್ಲ.

ಕೇಂದ್ರದ ಸ್ಮಾರಕವಾದರೆ, ಸಂರಕ್ಷಿತ ಕ್ಷೇತ್ರದ ಎಲ್ಲೆಯಿಂದ ಎಲ್ಲ ದಿಕ್ಕುಗಳಿಗೂ 100 ಮೀಟರುಗಳವರೆಗೆ ನಿಷಿದ್ಧ ಪ್ರದೇಶ. ಅಲ್ಲಿಂದಾಚೆ 200 ಮೀಟರುಗಳು ನಿಯಂತ್ರಿತ ಪ್ರದೇಶ. 1992ನೆಯ ಜೂನ್ 16ರ ಪ್ರಕಟಣೆಯಿಂದ ಆರಂಭವಾದ ಈ ವ್ಯವಸ್ಥೆಯನ್ನು 2010ರ ತಿದ್ದುಪಡಿಯು ಅಧಿನಿಯಮದೊಳಗೇ ಸೇರಿಸಿತು. ಅಳತೆಯು ಗರ್ಭಗೃಹದಿಂದಲ್ಲ, ಶಿಖರದಿಂದಲೂ ಅಲ್ಲ. ಸರಕಾರವು ಸಾರಿದ ಎಲ್ಲೆಯಿಂದ. ಆದುದರಿಂದ ಗುಡಿಯು ದೂರವಿದೆಯೆಂದು ಕಣ್ಣಳತೆಯಿಂದ ತೀರ್ಮಾನಿಸಿದ ಮನೆಯವನು ಹಲವು ವೇಳೆ ನಿಷಿದ್ಧ ಪ್ರದೇಶದೊಳಗೇ ಇರುವನು.

ಇನ್ನು ಕೆಲಸದ ಸ್ವರೂಪ. ಕಾಯಿದೆಯು ಮೂರು ಬಗೆಗಳನ್ನು ಬೇರ್ಪಡಿಸಿದೆ. ಇದ್ದ ಕಟ್ಟಡಕ್ಕೆ ಎತ್ತರದಲ್ಲಾಗಲಿ ಉದ್ದಗಲಗಳಲ್ಲಾಗಲಿ ಸೇರಿಸುವುದೂ ಹೊಸದನ್ನು ಎಬ್ಬಿಸುವುದೂ ‘ನಿರ್ಮಾಣ’. ಹಿಂದಿನ ಅಳತೆಯಲ್ಲಿಯೇ ಮರಳಿ ಎಬ್ಬಿಸುವುದು ‘ಪುನರ್ನಿರ್ಮಾಣ’. ನಿಂತಿರುವುದನ್ನು ಸರಿಪಡಿಸುವುದು ‘ದುರಸ್ತಿ ಮತ್ತು ನವೀಕರಣ’. ನಿಯಂತ್ರಿತ ಪ್ರದೇಶದಲ್ಲಿ ಈ ಮೂರಕ್ಕೂ ಅನುಮತಿಯನ್ನು ಬೇಡಬಹುದು. ನಿಷಿದ್ಧ ಪ್ರದೇಶದಲ್ಲಿ ಖಾಸಗಿಯವರು ಬೇಡಬಹುದಾದುದು ದುರಸ್ತಿ ನವೀಕರಣಗಳಿಗೆ ಮಾತ್ರ. ಅದೂ ಆ ಕಟ್ಟಡವು 1992ರ ಆ ದಿನಕ್ಕಿಂತ ಮೊದಲಿನದಾಗಿರಬೇಕು, ಇಲ್ಲವೆ ಆಮೇಲೆ ಮಹಾನಿರ್ದೇಶಕರ ಒಪ್ಪಿಗೆಯಿಂದ ಕಟ್ಟಿದುದಾಗಿರಬೇಕು.

ಈ ಭೇದವು ಕೇವಲ ಶಬ್ದಗಳದಲ್ಲ. ಅಣ್ಣಿಗೇರಿ ನವಲಗುಂದಗಳ ಎರೆಯ ನೆಲವು ಮಳೆಯಲ್ಲಿ ಉಬ್ಬಿ ಬೇಸಗೆಯಲ್ಲಿ ಬಿರಿಯುವುದು. ಆಳವಾದ ತಳಹದಿಯಿಲ್ಲದ ಗೋಡೆಯು ವರುಷದಿಂದ ವರುಷಕ್ಕೆ ವಾಲುವುದು. ವಾಲಿದ ಗೋಡೆಗೆ ಆಸರೆ ಕೊಟ್ಟು ಬಿರುಕನ್ನು ಮುಚ್ಚುವುದು ದುರಸ್ತಿ. ಅದೇ ಗೋಡೆಯು ಒಂದು ರಾತ್ರಿಯ ಮಳೆಗೆ ಪೂರ್ತಿಯಾಗಿ ಉರುಳಿತೆಂದರೆ, ಅದನ್ನು ಮೊದಲಿನಂತೆಯೇ ಎಬ್ಬಿಸುವುದು ಪುನರ್ನಿರ್ಮಾಣವಾಗುವುದು. ಆಗ ನೂರು ಮೀಟರಿನೊಳಗಣ ಬಡವನಿಗೆ ಅರ್ಜಿಯ ದಾರಿಯೇ ಮುಚ್ಚಿಹೋಗುವುದು. ಆದಕಾರಣ ಗೋಡೆಯು ನಿಂತಿರುವಾಗಲೇ ಅರ್ಜಿ ಕೊಡುವುದು ಯುಕ್ತವು.

ಅರ್ಜಿಯು ಸಕ್ಷಮ ಪ್ರಾಧಿಕಾರಿಗೆ ಸಲ್ಲಬೇಕು. ಅವನು ಅದನ್ನು 15 ದಿನಗಳೊಳಗೆ ರಾಷ್ಟ್ರೀಯ ಸ್ಮಾರಕ ಪ್ರಾಧಿಕಾರಕ್ಕೆ ಕಳುಹಬೇಕು. ಪ್ರಾಧಿಕಾರವು ಎರಡು ತಿಂಗಳೊಳಗೆ ತನ್ನ ಅಭಿಪ್ರಾಯವನ್ನು ತಿಳಿಸಬೇಕು. ಅದು ಬಂದ ಒಂದು ತಿಂಗಳೊಳಗೆ ಒಪ್ಪಿಗೆ ಇಲ್ಲವೆ ನಿರಾಕರಣೆ ಹೊರಡಬೇಕು. ನಿರಾಕರಿಸುವುದಾದರೆ ಅರ್ಜಿದಾರನ ಮಾತನ್ನು ಕೇಳಿ ಲಿಖಿತ ಆಜ್ಞೆಯನ್ನು ಕೊಡಬೇಕೆಂದೂ ವಿಧಿಯುಂಟು.

ದೇವಾಲಯದ ಸ್ವಂತ ಪಾಗಾರದ ಮಾತೇ ಬೇರೆ. ಅದು ಸ್ಮಾರಕದ ಅಂಗವಾಗಿದ್ದರೆ ಅದನ್ನು ಕೆಡಿಸುವುದೂ ಬದಲಿಸುವುದೂ ಅಪರಾಧ. 2010ರ ತಿದ್ದುಪಡಿಯು ಅದಕ್ಕೆ ಎರಡು ವರುಷಗಳವರೆಗಿನ ಸೆರೆ, ಒಂದು ಲಕ್ಷ ರೂಪಾಯಿಯವರೆಗಿನ ದಂಡ, ಅಥವಾ ಎರಡನ್ನೂ ವಿಧಿಸಿತು. ಈ ಕಟ್ಟುನಿಟ್ಟಿಗೆ ಕಾರಣವು ವಿದ್ವಾಂಸರಿಗೆ ಹೊಸದಲ್ಲ. ನಾಡಿನ ಹಳೆಯ ಗೋಡೆಗಳಲ್ಲಿ ಶಾಸನದ ಕಲ್ಲುಗಳೂ ವೀರಗಲ್ಲುಗಳೂ ಸೇರಿಕೊಂಡಿರುವುದುಂಟು. ಗೋಡೆ ಕಟ್ಟುವವನಿಗೆ ಅದು ಬರಿಯ ಚಪ್ಪಡಿ. ಒಡೆದು ಜೋಡಿಸಿದರೆ ಕಾಲಗಣನೆಯ ಒಂದು ಸಾಕ್ಷಿಯೇ ಅಳಿಯುವುದು.

ನಮ್ಮ ಶಾಸನಗಳಲ್ಲಿ ಗುಡಿಗೆ ಭೂಮಿಯನ್ನು ಬಿಡುವಾಗ ‘ಖಂಡಸ್ಫುಟಿತ ಜೀರ್ಣೋದ್ಧಾರ’ವೆಂಬ ಉದ್ದೇಶವು ಮತ್ತೆ ಮತ್ತೆ ಕಾಣಬರುವುದು. ಒಡೆದುದು, ಬಿರಿದುದು, ಜೀರ್ಣವಾದುದು ಇವುಗಳ ಉದ್ಧಾರಕ್ಕೆ ಪೂರ್ವಿಕರು ಆಯವನ್ನೇ ಕಟ್ಟಿಟ್ಟಿದ್ದರು. ಇಂದಿನ ಕಾಯಿದೆಯು ಆ ಕಾಳಜಿಯನ್ನು ನಿಷೇಧದ ರೂಪದಲ್ಲಿ ಮುಂದುವರಿಸಿದೆ; ಆದರೆ ನೆರೆಮನೆಯವನ ಬಿರಿದ ಗೋಡೆಗೆ ಬೇಕಾದ ತಿಳಿವಳಿಕೆಯು ಅವನಿಗೆ ಕನ್ನಡದಲ್ಲಿ, ಸಕಾಲದಲ್ಲಿ ದೊರೆಯದಿದ್ದರೆ ಅವನು ಗುಡಿಯನ್ನು ತನ್ನ ಕಂಟಕವೆಂದೇ ಎಣಿಸುವನು. ಸ್ಮಾರಕಕ್ಕೆ ನೆರೆಯವರ ಪ್ರೀತಿಗಿಂತ ಭದ್ರವಾದ ಪಾಗಾರವಿಲ್ಲ.