ಅರ್ಧಕ್ಕೆ ನಿಂತ ದೋಣಿ

ವಿಘ್ನಕ್ಕೆ ಹೆದರಿ ಕಾರ್ಯವನ್ನು ತೊಡಗದವರು, ತೊಡಗಿ ನಡುವೆ ಕೈಬಿಡುವವರು, ಏನೇ ಬಂದರೂ ಕಡೆಗಾಣಿಸುವವರು ಎಂದು ಭರ್ತೃಹರಿಯು ಮನುಷ್ಯರನ್ನು ಮೂರು ತರವಾಗಿ ವಿಂಗಡಿಸಿದ್ದಾನೆ. ಮತ್ತೊಬ್ಬನು ನಡುವೆ ಬಿಟ್ಟುಹೋದ ಕಾರ್ಯವನ್ನು ಕೈಗೆತ್ತಿಕೊಳ್ಳುವವನು ಈ ಮೂವರಲ್ಲಿ ಯಾರ ಸಾಲಿಗೆ ಸೇರತಕ್ಕವನು? ಈ ಲೇಖನವು ಅಂಥವನೊಬ್ಬನನ್ನು ಕುರಿತದ್ದು. ಅವನ ಮುಂದಿರುವುದು ಅರೆಗಟ್ಟಿದ ಮರದ ಮೋಟಾರು ದೋಣಿ.

ಅಮೆರಿಕ ದೇಶದಲ್ಲಿ, ಅದರಲ್ಲಿಯೂ ಮಹಾಸರೋವರಗಳನ್ನು ಸುತ್ತುವರಿದ ಸಂಸ್ಥಾನಗಳಲ್ಲಿ, ಗೃಹಸ್ಥರು ಮನೆಯ ಪಕ್ಕದ ಮೋಟಾರು ಕೊಟ್ಟಿಗೆಯಲ್ಲಿ ತಾವೇ ದೋಣಿ ಕಟ್ಟಿಕೊಳ್ಳುವ ಹವ್ಯಾಸವು ಬಹುಕಾಲದ್ದು. ನಾರ್ವೆಯಲ್ಲಿ ಹುಟ್ಟಿ ಅಮೆರಿಕದಲ್ಲಿ ಬೆಳೆದ ಓಲೆ ಎವಿನ್‌ರೂಡನು ದೋಣಿಯ ಹಿಂಬದಿಗೆ ತಗಲಿಸುವ ಎಂಜಿನನ್ನು 1909ರಲ್ಲಿ ಮಾರಾಟಕ್ಕೆ ತಂದನು. 1934ರಲ್ಲಿ ಜೇಮ್ಸ್ ನೆವಿನ್ ಎಂಬ ರಸಾಯನಶಾಸ್ತ್ರಜ್ಞನು ನೀರಿಗೆ ಬಿಡದ ಅಂಟನ್ನು ಸಿದ್ಧಪಡಿಸಿದುದರಿಂದ ಪ್ಲೈವುಡ್ ಹಲಗೆಯು ದೋಣಿಗೆ ಯೋಗ್ಯವಾಯಿತು. 1950ರಲ್ಲಿ ಕ್ರಿಸ್-ಕ್ರಾಫ್ಟ್ ಸಂಸ್ಥೆಯವರು ಅಳತೆಗೆ ಕತ್ತರಿಸಿದ ಮರದ ಭಾಗಗಳನ್ನು ಕಟ್ಟುಕಟ್ಟಾಗಿ ಮಾರತೊಡಗಿದರು. 1953ರಲ್ಲಿ ಕ್ಯಾಲಿಫೋರ್ನಿಯದಲ್ಲಿ ಗ್ಲೆನ್-ಎಲ್ ಸಂಸ್ಥೆಯು ಹುಟ್ಟಿ ಮನೆಯಲ್ಲಿ ದೋಣಿ ಕಟ್ಟುವವರಿಗೆ ನಕ್ಷೆಗಳನ್ನು ಒದಗಿಸಿತು. ಹೀಗೆ ಗುಮಾಸ್ತರೂ ಉಪಾಧ್ಯಾಯರೂ ರಜೆಯ ದಿನಗಳಲ್ಲಿ ನೌಕಾಶಿಲ್ಪಿಗಳಾದರು.

ತೊಡಗಿದವರೆಲ್ಲರೂ ಮುಗಿಸಲಿಲ್ಲವೆಂದು ಹೇಳಬೇಕಾದುದಿಲ್ಲ. ಒಬ್ಬನಿಗೆ ದೂರದೂರಿಗೆ ವರ್ಗ, ಮತ್ತೊಬ್ಬನಿಗೆ ಕಾಯಿಲೆ, ಮಗದೊಬ್ಬನ ಕೈಯಲ್ಲಿ ಹಣವಿಲ್ಲ. ಕೆಲವು ದೋಣಿಗಳು ಕಟ್ಟಿದವನ ಆಯುಸ್ಸಿಗಿಂತ ಉದ್ದವಾದುವು. ಬೋರಲಾಗಿ ಮಲಗಿದ ಒಡಲಿನ ಮೇಲೆ ಧೂಳು ಕೂರುತ್ತದೆ. ಕಡೆಗೊಂದು ದಿನ ಮನೆಯವರು ಅದನ್ನು ಅಲ್ಪ ಬೆಲೆಗೆ ಮಾರುತ್ತಾರೆ, ಇಲ್ಲವೆ ಕೇಳಿದವರಿಗೆ ಕೊಟ್ಟುಬಿಡುತ್ತಾರೆ. ಕೊಂಡವನೋ, ಅರ್ಧ ಕೆಲಸವಾಗಿದೆ, ಉಳಿದರ್ಧ ಮುಗಿಸಿದರೆ ದೋಣಿ ನಮ್ಮದು ಎಂದು ಹಿಗ್ಗುತ್ತಾನೆ. ಈ ಎಣಿಕೆಯಲ್ಲಿಯೇ ಮೋಸವಿದೆ.

ವರ್ಷದ ನಡುವೆ ಮತ್ತೊಬ್ಬ ಉಪಾಧ್ಯಾಯರಿಂದ ತರಗತಿಯನ್ನು ವಹಿಸಿಕೊಂಡ ಅನುಭವ ನಮಗುಂಟು. ಅವರು ಹದಿನಾಲ್ಕನೆಯ ಪಾಠದಲ್ಲಿ ನಿಲ್ಲಿಸಿದ್ದರೆ ನಾವು ಹದಿನೈದರಿಂದ ಹಿಡಿಯುತ್ತಿರಲಿಲ್ಲ. ಮೊದಲ ಪಾಠದಿಂದ ಪ್ರಶ್ನೆ ಕೇಳಿ, ಮಕ್ಕಳಿಗೆ ಬಂದಿರುವುದೆಷ್ಟೆಂದು ತಿಳಿದ ಮೇಲೆಯೇ ಮುಂದಿನ ಪಾಠ. ಅರೆಗಟ್ಟಿದ ದೋಣಿಗೂ ಇದೇ ನ್ಯಾಯ. ಹಿಂದಿನವನು ಎಲ್ಲಿ ನಿಲ್ಲಿಸಿದನೋ ಅಲ್ಲಿಂದಲ್ಲ, ಅವನು ಎಲ್ಲಿ ತೊಡಗಿದನೋ ಅಲ್ಲಿಂದ ನಾವೂ ತೊಡಗಬೇಕು.

ಮೊದಲು ನಕ್ಷೆಯನ್ನು ಕೇಳಿ ಪಡೆಯತಕ್ಕುದು. ನಕ್ಷೆಯಿಲ್ಲದ ಒಡಲು ಜಾತಕವಿಲ್ಲದ ಸಂಬಂಧದಂತೆ; ಒಳ್ಳೆಯದಾಗಿರಬಹುದು, ಆದರೆ ಹೇಳುವವರಿಲ್ಲ. ಬಳಿಕ ಮೂತಿಯ ತುದಿಯಿಂದ ಹಿಂಬದಿಯ ಹಲಗೆಯ ನಡುವಿಗೆ ದಾರವನ್ನು ಬಿಗಿಯಾಗಿ ಕಟ್ಟಿ, ಬೆನ್ನುಮರವು ನೆಟ್ಟಗಿದೆಯೇ ಎಂದು ನೋಡಬೇಕು. ಮೂತಿಯಿಂದ ಹಿಂಬದಿಯ ಎಡ ಮೂಲೆಗೂ ಬಲ ಮೂಲೆಗೂ ಇರುವ ದೂರವು ಸಮನಾಗಿರಬೇಕು. ಸಮನಿಲ್ಲದಿದ್ದರೆ ಒಡಲು ಸೊಟ್ಟಗಿದೆಯೆಂದೇ ಅರ್ಥ. ವೇಗದ ದೋಣಿಯಾದರೆ ತಳದ ಹಿಂಭಾಗಕ್ಕೆ ಉದ್ದನೆಯ ನೇರ ಪಟ್ಟಿಯನ್ನು ಹಿಡಿದು ನೋಡುವುದು ಅವಶ್ಯ. ಅಲ್ಲಿ ತಳವು ಒಳಕ್ಕೆ ಬಾಗಿದ್ದರೆ ಓಡುವಾಗ ಮೂತಿಯು ನೀರಿಗೆ ಒತ್ತುತ್ತದೆ. ಹೊರಕ್ಕೆ ಉಬ್ಬಿದ್ದರೆ ದೋಣಿಯು ಕುದುರೆಯಂತೆ ಕುಪ್ಪಳಿಸುತ್ತದೆ. ಈ ದೋಷವನ್ನು ಬಣ್ಣವಾಗಲಿ ಎಂಜಿನಾಗಲಿ ಮರೆಮಾಡಲಾರದು.

ಇನ್ನು ಮರದ ಪರೀಕ್ಷೆ. ದಬ್ಬಳದ ಮೊನೆಯಿಂದ ಅಲ್ಲಲ್ಲಿ ಒತ್ತಿ ನೋಡಿದರೆ ಕೊಳೆತ ಮರವು ಮೆತ್ತಗೆ ಒಳಗೆ ಬಿಟ್ಟುಕೊಳ್ಳುತ್ತದೆ. ಸುತ್ತಿಗೆಯಿಂದ ಮೆಲ್ಲಗೆ ತಟ್ಟಿದರೆ ಗಟ್ಟಿ ಮರದ ದನಿ ಸ್ಪಷ್ಟ, ಕೊಳೆತುದರ ದನಿ ಮಂಕು. ಮಳೆನೀರು ನಿಲ್ಲುವ ಮೂಲೆಗಳನ್ನೂ ಹಿಂಬದಿಯ ಹಲಗೆಯ ಬುಡವನ್ನೂ ಎರಡು ಸಲ ನೋಡಬೇಕು. ಪ್ಲೈವುಡ್ಡಿನ ತುಂಡೊಂದು ಉಳಿದಿದ್ದರೆ ಅದನ್ನು ಕೆಲವು ಗಂಟೆ ಕುದಿಸಿ ಒಣಗಿಸಿರಿ. ಪದರಗಳು ಬಿಟ್ಟುಕೊಂಡರೆ ಆ ಹಲಗೆ ನೀರಿಗಿಳಿಯಲು ತಕ್ಕುದಲ್ಲ. ಮನೆಯ ಒಲೆಯೊಂದೇ ಸಾಕಾದ ಪರೀಕ್ಷೆಯಿದು.

ಭೋಜರಾಜನ ಹೆಸರಿನಲ್ಲಿ ಪ್ರಚಲಿತವಾಗಿರುವ ‘ಯುಕ್ತಿಕಲ್ಪತರು’ವಿನಲ್ಲಿ ನೌಕೆಗಳ ವಿಚಾರವಿದೆ. ಮರಗಳನ್ನು ಹಗುರ, ಭಾರ, ಮೆದು, ಗಡಸು ಎಂಬ ಗುಣಗಳಿಂದ ವಿಂಗಡಿಸಿ, ಬೇರೆ ಬೇರೆ ವರ್ಗದ ಮರಗಳನ್ನು ಒಂದೇ ನಾವೆಯಲ್ಲಿ ಸೇರಿಸಿದರೆ ಅದು ಬಾಳದೆಂದು ಅಲ್ಲಿ ಹೇಳಿದೆ. ನೀರು ಕುಡಿದಾಗ ಒಂದೊಂದು ಜಾತಿಯ ಮರವು ಒಂದೊಂದು ಪ್ರಮಾಣದಲ್ಲಿ ಉಬ್ಬುವುದನ್ನು ಬಲ್ಲ ಇಂದಿನವರಿಗೂ ಈ ಎಚ್ಚರಿಕೆಯಲ್ಲಿ ಅರ್ಥ ಕಾಣುತ್ತದೆ. ಸಮುದ್ರದ ನೌಕೆಯನ್ನು ಕಬ್ಬಿಣದಿಂದ ಬಿಗಿಯಬಾರದು, ಕಡಲಿನ ಅಯಸ್ಕಾಂತವು ಸೆಳೆದೀತು ಎಂದೂ ಆ ಗ್ರಂಥವು ಹೇಳುತ್ತದೆ. ಕಾರಣವನ್ನು ನಾವು ಈಗ ಒಪ್ಪುವುದಿಲ್ಲ; ವಿಧಿಯನ್ನು ಮಾತ್ರ ಒಪ್ಪಬೇಕು. ಉಪ್ಪುನೀರಿನಲ್ಲಿ ಕಬ್ಬಿಣವು ತುಕ್ಕು ಹಿಡಿದು ಸುತ್ತಲಿನ ಮರವನ್ನೂ ಕೆಡಿಸುತ್ತದೆ. ಹಿತ್ತಾಳೆಯ ತಿರುಪುಮೊಳೆಯೂ ಒಳಗಿನ ಸತುವನ್ನು ಕಳೆದುಕೊಂಡು ಪೆಡಸಾಗುತ್ತದೆ. ಕಂಚಿನ ಮೊಳೆಯೇ ನಂಬತಕ್ಕುದು. ಆದುದರಿಂದ ಹಿಂದಿನವನು ಹಾಕಿದ ಮೊಳೆಗಳಲ್ಲಿ ನಾಲ್ಕಾರನ್ನು ಬಿಚ್ಚಿ ನೋಡುವುದು ಸಂದೇಹವಲ್ಲ, ವಿವೇಕ.

ಪರೀಕ್ಷೆಯಲ್ಲಿ ತೇರ್ಗಡೆಯಾದ ಒಡಲಿಗೆ ಮುಂದಿನ ಸಂಸ್ಕಾರಗಳು. ಉದ್ದನೆಯ ಹಲಗೆಗೆ ಉಜ್ಜುಕಾಗದವನ್ನು ಅಂಟಿಸಿ, ಉಬ್ಬುತಗ್ಗುಗಳು ಅಂಗೈಗೆ ತಿಳಿಯದಂತೆ ಉಜ್ಜಬೇಕು. ಕಣ್ಣಿಗಿಂತ ಅಂಗೈಯೇ ಇಲ್ಲಿ ಒಳ್ಳೆಯ ಪರೀಕ್ಷಕ. ಮರದ ಕತ್ತರಿಸಿದ ಕೊನೆಗಳು ನೀರನ್ನು ಬತ್ತಿಯಂತೆ ಹೀರುವುದರಿಂದ ಅವುಗಳನ್ನು ಮೊದಲು ಮುಚ್ಚತಕ್ಕುದು. ಇದಕ್ಕೆ ಎರಡು ದ್ರವಗಳನ್ನು ಬೆರೆಸಿದರೆ ಗಟ್ಟಿಯಾಗುವ ಎಪಾಕ್ಸಿಯೆಂಬ ಅಂಟನ್ನು ಈಗ ಬಳಸುತ್ತಾರೆ. ಬೆರೆಸುವಲ್ಲಿ ಅಳತೆ ತಪ್ಪಿದರೆ ಅದು ಎಂದಿಗೂ ಗಟ್ಟಿಯಾಗದು. ಚರ್ಮಕ್ಕೆ ಪದೇ ಪದೇ ತಗುಲಿದರೆ ಮೈಗೆ ಒಗ್ಗದಂತಾಗುವುದರಿಂದ ಕೈಚೀಲವೂ, ಒಣಗಿದುದನ್ನು ಉಜ್ಜುವಾಗ ಮೂಗಿಗೆ ಮುಸುಕೂ ಅಗತ್ಯ, ಮಕ್ಕಳನ್ನು ದೂರವಿಡಬೇಕು. ಬಿಸಿಲಿಗೆ ಎಪಾಕ್ಸಿ ಕೆಡುತ್ತದೆ. ಅದರ ಮೇಲೆ ಬಣ್ಣವೋ ವಾರ್ನಿಷೋ ಇರಲೇಬೇಕು.

ಇನ್ನು ಎಂಜಿನು. ಮರದ ದೋಷವು ದೋಣಿಯನ್ನು ಕೆಡಿಸೀತು; ಇಲ್ಲಿಯ ದೋಷವು ಕುಟುಂಬವನ್ನೇ ಕೆಡಿಸೀತು. ಪೆಟ್ರೋಲಿನ ಆವಿಯು ಗಾಳಿಗಿಂತ ಭಾರವಾದುದು. ಮೋಟಾರು ಕಾರಿನಲ್ಲಿ ಸೋರಿದ ಆವಿಯು ಕೆಳಗಿನಿಂದ ಚದರಿಹೋಗುತ್ತದೆ. ದೋಣಿಯಾದರೋ ಬಟ್ಟಲು, ಆವಿಯು ಅದರ ತಳದಲ್ಲಿ ನೀರಿನಂತೆ ನಿಲ್ಲುತ್ತದೆ. ಒಂದು ಕಿಡಿ ಸಾಕು. ಅದಕ್ಕಾಗಿಯೇ ಎಂಜಿನು ಒಡಲೊಳಗಿರುವ ಪೆಟ್ರೋಲು ದೋಣಿಗಳಲ್ಲಿ ತಳದ ಗಾಳಿಯನ್ನು ಹೊರದೂಡುವ ಬೀಸಣಿಗೆಯನ್ನಿಟ್ಟು, ಎಂಜಿನನ್ನು ಹೊತ್ತಿಸುವ ಮೊದಲು ಕನಿಷ್ಠ ನಾಲ್ಕು ನಿಮಿಷ ಅದನ್ನು ತಿರುಗಿಸಬೇಕೆಂಬ ನಿಯಮವು ಅಮೆರಿಕದಲ್ಲಿದೆ. ಹಳೆಯ ಕಾರಿನ ಎಂಜಿನನ್ನು ಅದರ ವಿದ್ಯುತ್ ಸಲಕರಣೆಗಳ ಸಮೇತ ದೋಣಿಯೊಳಗೆ ಕೂರಿಸುವುದು ಅಪಾಯ. ದೋಣಿಯ ಸಲಕರಣೆಗಳನ್ನು ಕಿಡಿಯು ಹೊರಬೀಳದಂತೆ ಮಾಡಿರುತ್ತಾರೆ. ಎಣ್ಣೆಯ ತೊಟ್ಟಿ, ಕೊಳವೆ, ತಂತಿ, ಈ ಮೂರನ್ನು ಮಾತ್ರ ಹಿಂದಿನವನ ಮೇಲಿನ ದಾಕ್ಷಿಣ್ಯದಿಂದ ಉಳಿಸಿಕೊಳ್ಳಬಾರದು. ನಕ್ಷೆಯಲ್ಲಿ ಹೇಳಿದುದಕ್ಕಿಂತ ಬಲವಾದ ಎಂಜಿನೂ ಬೇಡ.

ಕಡೆಯ ಮಾತು ಮನೆಯ ಲೆಕ್ಕದ್ದು. ಒಡಲಿನ ಮರಕ್ಕಿಂತ ಎಂಜಿನು, ಚುಕ್ಕಾಣಿ, ಬಣ್ಣ, ಸಾಗಿಸುವ ಗಾಡಿ ಇವುಗಳೇ ಹೆಚ್ಚು ಹಣ ಬೇಡುತ್ತವೆ; ಒಡಲು ಪೂರ್ತಿಯಾಗಿದ್ದರೂ ಕೆಲಸವು ಅರ್ಧವಾಗಿರುವುದಿಲ್ಲ. ಕೊಳ್ಳುವ ಮೊದಲೇ ಗಂಡಹೆಂಡಿರು ಕುಳಿತು ಈ ಪಟ್ಟಿಯನ್ನು ಬರೆಯಲಿ. ಕೊಟ್ಟಿಗೆಯ ಬಾಗಿಲಿನ ಅಗಲವನ್ನೂ ಅಳೆಯಲಿ. ಬೆನ್ನು ಸೊಟ್ಟಗಾದ, ತಳ ಕೊಳೆತ ಒಡಲನ್ನು ಉಚಿತವಾಗಿ ಕೊಟ್ಟರೂ ಕೈಮುಗಿದು ಬಿಡುವುದೇ ಲೇಸು. ಅಂಥದನ್ನು ಬೇಡವೆಂದವನು ಹೇಡಿಯಲ್ಲ.

ಒಳ್ಳೆಯ ಒಡಲು ದೊರೆತವನಿಗೆ ಮೇಲ್ಪಂಕ್ತಿಯು ನಮ್ಮ ಸಾಹಿತ್ಯದಲ್ಲಿಯೇ ಉಂಟು. ಬಾಣಭಟ್ಟನು ‘ಕಾದಂಬರಿ’ಯನ್ನು ಮುಗಿಸದೆ ತೀರಿಕೊಂಡನು, ಉಳಿದುದನ್ನು ಅವನ ಮಗನು ಬರೆದು ಪೂರೈಸಿದನು. ಅದು ಕವಿಯೆಂಬ ಹೆಮ್ಮೆಯಿಂದಲ್ಲ, ಕಥೆಯು ಅರ್ಧಕ್ಕೆ ನಿಂತಿತೆಂದು ಸಜ್ಜನರು ಮರುಗುವುದನ್ನು ನೋಡಲಾರದೆ ಎಂದು ತಾನೇ ಹೇಳಿಕೊಂಡಿದ್ದಾನೆ. ಆ ವಿನಯವಿದ್ದವನು ಮೊದಲಿನವನ ಕೈಯ ಗುರುತನ್ನು ಉಜ್ಜಿ ಅಳಿಸುವುದಿಲ್ಲ, ಅವನ ತಪ್ಪನ್ನು ಹಾಗೆಯೇ ಬಿಡುವುದೂ ಇಲ್ಲ. ದೋಣಿಯು ನೀರಿಗಿಳಿದ ದಿನ ಅದನ್ನು ತೊಡಗಿದವನಿಗೂ, ಅವನು ಇಲ್ಲದಿದ್ದರೆ ಅವನ ಮನೆಯವರಿಗೂ, ಒಂದು ಕಾಗದ ಬರೆದು ತಿಳಿಸುವುದು ಧರ್ಮ.