ಹಂದಿಯ ಕೊಬ್ಬಿನ ಕೆಲಸ ಶೇಂಗಾ ಮಾಡೀತೆ?

ಧಾರವಾಡದ ಹಾಸ್ಟೆಲ್ಲಿನಲ್ಲಿ ಓದುವ ಸವದತ್ತಿಯ ಹುಡುಗ ರಜೆಗೆ ಕೊಡಗಿನ ಗೆಳೆಯನನ್ನು ಮನೆಗೆ ಕರೆತರುತ್ತಾನೆ. ಗೆಳೆಯನಿಗೆ ತನ್ನೂರಿನ ಪಂದಿ ಕರಿಯ ನೆನಪು. ಹಂದಿ ಮಾಂಸ ಮುಟ್ಟದ ಮನೆಯ ತಾಯಿ ಏನು ಮಾಡಬೇಕು?

ಬದಲಿ ಹುಡುಕುವ ಮೊದಲು, ಆ ಅಡುಗೆಯಲ್ಲಿ ಕೊಬ್ಬಿನ ಕೆಲಸವೇನು ಎಂದು ಕೇಳಿಕೊಳ್ಳಿ. ಅದು ನಿಧಾನವಾಗಿ ಕರಗಿ ಮಾಂಸ ಒಣಗದಂತೆ ಕಾಯುತ್ತದೆ, ಹುರಿದ ಮಸಾಲೆಯ ಪರಿಮಳ ಹಿಡಿದಿಡುತ್ತದೆ. ಆ ಜಿಡ್ಡನ್ನು ಮುರಿಯಲೆಂದೇ ಕೊಡವರು ಕೊನೆಯಲ್ಲಿ ಕಪ್ಪು ಹುಳಿಯಾದ ಕಾಚಂಪುಳಿ ಹಾಕುತ್ತಾರೆ.

ಕುರಿಯ ಎದೆಭಾಗ, ಅದರದೇ ಕೊಬ್ಬಿನೊಡನೆ, ಹತ್ತಿರದ ಬದಲಿ. ಕೋಳಿಯಾದರೆ ಎದೆ ಬೇಡ, ತೊಡೆ ಇರಲಿ. ಮಾಂಸವೇ ಒಲ್ಲದವರಿಗೆ ಅಣಬೆ ಅಥವಾ ಎಳೆಯ ಹಲಸಿನಕಾಯಿ ಆದೀತು. ಆದರೆ ಅವುಗಳಲ್ಲಿ ಜಿಡ್ಡಿಲ್ಲ. ಆ ಕೊರತೆಗೆ ನಮ್ಮ ಎಣ್ಣೆಗಾಯಿಯ ಜಾಣತನವೇ ಮದ್ದು: ಹುರಿದ ಶೇಂಗಾ, ಗುರೆಳ್ಳಿನ ಪುಡಿ. ಶೇಂಗಾದ ತೂಕದಲ್ಲಿ ಸುಮಾರು ಅರ್ಧ ಎಣ್ಣೆಯೇ. ಒಂದು ಗ್ರಾಂ ಕೊಬ್ಬಿಗೆ 9 ಕ್ಯಾಲೊರಿ. ಆದ್ದರಿಂದ ಕೈ ಹಿಡಿತದಲ್ಲಿರಲಿ. ಕಾಚಂಪುಳಿ ಸಿಗದಿದ್ದರೆ ಗಟ್ಟಿ ಹುಣಸೆ ರಸ. ಜಿಡ್ಡು ಕಡಿಮೆಯಾದಷ್ಟು ಹುಳಿಯೂ ಕಡಿಮೆ.

ಇದು ಪಂದಿ ಕರಿಯಲ್ಲ, ಹಾಗೆ ಕರೆಯುವುದೂ ಬೇಡ. ಆದರೆ ಇಬ್ಬರು ಗೆಳೆಯರು ಒಂದೇ ಪಂಕ್ತಿಯಲ್ಲಿ ಕುಳಿತು ಜೋಳದ ರೊಟ್ಟಿಯೊಡನೆ ಉಂಡರೆ, ಎರಡೂ ಮನೆಯ ಪದ್ಧತಿ ಉಳಿದಂತೆಯೇ.